ಕತ್ತಲಾಗದ ಊರಿನಲ್ಲಿ ಭೂತಬಂಗಲೆಯ ಕತೆ

ಲರ್ವಿಕ್ಕಿನ ಬಂದರಿನಲ್ಲಿ ಜೂನ್ ತಿಂಗಳು ಕತ್ತಲೆಯೇ ಆಗುವುದಿಲ್ಲ.
ರಾತ್ರಿ ಹನ್ನೊಂದಕ್ಕೂ ಹಲಗೆ ಗುಡಿಸಲಿನ ಕಿಟಕಿಯಲ್ಲಿ
ನೀರು ಬೆರೆಸಿದ ಹಾಲಿನಂಥ ಬೆಳಕು.
ದೀಪದೆಣ್ಣೆಯ ಖರ್ಚಿಲ್ಲದೆ ಭೂತಬಂಗಲೆಯ ಕತೆ ಓದಿದವರು
ಲೋಕದಲ್ಲಿ ನಾವು ಮಾತ್ರ ಇರಬೇಕು.

ಲೂಯಿಸ್ ದ್ವೀಪದ ನಾವು ಮೂವರು, ಒಂದು ತಂಡ.
ಐರಿಕ್, ಕಿರ್ಸ್ತಿ ಮೀನು ಸೀಳುವವರು:
ಚಾಕುವಿನ ಒಂದು ತಿರುವು, ಕರುಳು ಆಚೆ, ಮೀನು ಈಚೆ,
ನಿಮಿಷಕ್ಕೆ ನಲವತ್ತು.
ನಾನು ಉದ್ದದವಳು. ಪೀಪಾಯಿಯೊಳಗೆ ಸೊಂಟದವರೆಗೆ ಬಾಗಿ
ಮೀನು, ಉಪ್ಪು, ಮೀನು, ಉಪ್ಪು
ಪದರ ಕೂರಿಸುವುದು ನನ್ನ ಪಾಲು.
ಇಂಗ್ಲಿಷು ಓದಲು ಬರುವುದೂ ನನಗೊಬ್ಬಳಿಗೇ.
ಒಂದು ಪೆನ್ನಿಯ ವಾರಪತ್ರಿಕೆ ಬಿಡಿಸಿ
ಗೇಲಿಕ್ಕಿನಲ್ಲಿ ಹೇಳಬೇಕು, ನಿದ್ದೆ ಎಳೆಯುತ್ತಿದ್ದರೂ.

ಕತೆಯಲ್ಲಿ ಬಂಡೆಯ ತುದಿಗೊಂದು ಮಹಲು.
ಸಿಬಿಲ್ಲಾ ಎಂಬ ದಿಕ್ಕಿಲ್ಲದ ಹುಡುಗಿ.
ಡಾಕ್ಟರ್ ಹ್ಯೂಬರ್ಟ್ ಅವಳಿಗೆ ದುಂಡಗಿನ ಅಕ್ಷರದಲ್ಲಿ
ಕಾಗದ ಬರೆಯುತ್ತಾನೆ, ಛತ್ರಿ ಮರೆಯುವುದಿಲ್ಲ.
ಮಹಲಿನ ಯಜಮಾನ ಅಲರಿಕ್
ಊಟಕ್ಕೂ ಕೈಗವಸು ತೆಗೆಯದವನು,
ಸತ್ತ ತಂಗಿಯ ಪಿಯಾನೋಗೆ
ಮೊಳೆ ಹೊಡೆಸಿ ಮುಚ್ಚಿದವನು.

ಬೆಳಗ್ಗೆ ಆರಕ್ಕೆ ಮೀನಿನ ತೊಟ್ಟಿಯ ಸುತ್ತ ಜಗಳ.

"ನಿಮ್ಮ ಹ್ಯೂಬರ್ಟ್ ಉಪ್ಪು ಕಾಣದ ಮೀನು," ಐರಿಕ್ ಅಂದಳು,
"ಮೂರನೆಯ ದಿನಕ್ಕೆ ನಾರುತ್ತಾನೆ.
ಅಲರಿಕ್ ನೋಡು, ಒಳಗೆ ಉರಿಯುತ್ತಿದೆ ಅವನಿಗೆ.
ಯಾರಾದರೂ ಒಬ್ಬಳು ಆ ಪಿಯಾನೋದ ಮೊಳೆ ಕೀಳಬೇಕು."

"ಕೀಳುವವಳ ಬೆರಳು?" ಕಿರ್ಸ್ತಿ ತಲೆ ಎತ್ತಲಿಲ್ಲ.
"ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಕಣೇ.
ಆ ಬೆಟ್ಟದ ಮೇಲೆ ನಾನು ಒಲೆ ಹೂಡಿದ್ದೇನೆ.
ಒಳಗೆ ಉರಿಯುವವನು ಶನಿವಾರ ರಾತ್ರಿ ಮನೆಗೆ ಬರುತ್ತಾನೆ,
ಅವನ ಅಂಗಿ ಒಗೆಯುವವಳು ನಾನು."

ಆ ಮಾತಿಗೆ ತೊಟ್ಟಿಯ ಹತ್ತಿರ
ಚಾಕುಗಳ ಸದ್ದಷ್ಟೇ ಉಳಿಯಿತು.
ಆಮೇಲೆ ಪಕ್ಕದ ತಂಡದ ಬೆಹಾಕ್, ಹದಿನೇಳರವಳು, ಕೇಳಿದಳು:
"ಅಲ್ಲ, ಈ ಸಿಬಿಲ್ಲಾಗೆ ವಾರದ ಸಂಬಳ ಎಷ್ಟು?"
ಪತ್ರಿಕೆಯಲ್ಲಿ ಅದನ್ನು ಬರೆದಿರಲಿಲ್ಲ.

ಪೀಪಾಯಿ ಕಟ್ಟುವ ಮುದುಕ ಟಾರ್ಕ್ವಿಲ್ ಹಾದುಹೋಗುತ್ತ
"ಇಬ್ಬರನ್ನೂ ನನ್ನ ಹತ್ತಿರ ಕಳಿಸಿ,
ಕಬ್ಬಿಣದ ಪಟ್ಟಿ ಬಡಿದು ನೀರು ತುಂಬುತ್ತೇನೆ,
ಯಾವನು ಸೋರುತ್ತಾನೆ ನೋಡೋಣ" ಅಂದ.
ನಕ್ಕೆವು. ಉಪ್ಪು ಗಾಯಕ್ಕೆ ಇಳಿಯಿತು.

ಹೀಗೆ ಒಂಬತ್ತು ವಾರ.
ಒಂದು ವಿಷಯ ಯಾರಿಗೂ ಹೇಳಿಲ್ಲ:
ಅಲರಿಕ್ ಬಾಯಲ್ಲಿ ಇಲ್ಲದ ಮಾತು
ಎರಡು ಸಲ ನಾನೇ ಸೇರಿಸಿದೆ.
ಒಮ್ಮೆ ಕ್ಷಮೆ ಕೇಳಿಸಿದೆ.
ಇಂಗ್ಲಿಷಿನಲ್ಲಿ ಅವನು ಬಾಗಿಲು ಮುಚ್ಚಿಕೊಂಡಿದ್ದ, ಅಷ್ಟೇ.
ಐರಿಕ್ ಆ ರಾತ್ರಿ ನಿದ್ದೆ ಮಾಡಲಿಲ್ಲ.
ಕಿರ್ಸ್ತಿ ನನ್ನನ್ನೇ ನೋಡಿದಳು, ಬಹಳ ಹೊತ್ತು.

ಕೊನೆಯ ಕಂತು ಯಾರ್ಮತ್ತಿಗೆ ಹೊರಡುವ ಮುಂಚೆ ಬಂತು.
ಈ ಸಲ ಇದ್ದದ್ದು ಇದ್ದ ಹಾಗೆ ಓದಿದೆ.
ಬಂಡೆ ಕುಸಿಯಿತು. ಮಹಲು ಕಡಲಿಗೆ ಹೋಯಿತು.
ಅಲರಿಕ್ ಎರಡು ಸಾಲಿನಲ್ಲಿ ಸತ್ತ.
ಹ್ಯೂಬರ್ಟ್ ಛತ್ರಿ ಬಿಚ್ಚಿದ.

ಐರಿಕ್ ಗೋಳಾಡುತ್ತಾಳೆ ಅಂದುಕೊಂಡಿದ್ದೆ.
ಅವಳು ಹೆಣೆಯುತ್ತಿದ್ದ ಕಾಲುಚೀಲದ ಹೊಲಿಗೆ ಎಣಿಸಿದಳು.
ಅತ್ತವಳು ಕಿರ್ಸ್ತಿ,
ಮುಖ ಮುಚ್ಚಿಕೊಳ್ಳದೆ, ಸದ್ದು ಮಾಡದೆ.

"ನಿನಗೆ ಅವನನ್ನು ಕಂಡರೆ ಆಗುತ್ತಿರಲಿಲ್ಲವಲ್ಲೇ?"

"ಆಗುತ್ತಿರಲಿಲ್ಲ," ಅಂದಳು.
"ಅಂಥವನು ಸಾಯುತ್ತಾನೆ ಅಂತ
ಹಾಗೆ ಎರಡೇ ಸಾಲಿನಲ್ಲಿ
ಬರೆದುಬಿಡಬಹುದು ಅಂತ ಗೊತ್ತಿರಲಿಲ್ಲ."

ಮರುದಿನ ಹಾಯಿಗಳು ಇನ್ನೂ ದೂರವಿದ್ದವು.
ಮೀನು ಬರುವ ಮುಂಚೆ ಬೆರಳಿಗೆ ಬಟ್ಟೆ ಸುತ್ತಬೇಕು,
ಒಂದೇ ಕೈಯಲ್ಲಿ ಗಂಟು ಬೀಳುವುದಿಲ್ಲ.
ಐರಿಕ್ ಬಾಗಿ, ಕಿರ್ಸ್ತಿಯ ಹೆಬ್ಬೆರಳಿನ ದಾರವನ್ನು
ಹಲ್ಲಿನಲ್ಲಿ ಕಚ್ಚಿ ಬಿಗಿದಳು.
"ಬಿಗಿಯಾಯಿತಾ?"
"ಇನ್ನೊಂದು ಸುತ್ತು."