ಚಿಟಿಕೆ ಕಲಬೆರಕೆ

ಭಟ್ಟಿ ಇಳಿಸಿದ್ದಕ್ಕೆ ಅಜ್ಜ ಹದಿನಾಲ್ಕು ತಿಂಗಳು ಒಳಗಿದ್ದ.
ಅದೇ ಕೆಲಸಕ್ಕೆ ನನಗೆ ಸಂಬಳ, ಹಲ್ಲಿನ ವಿಮೆ,
ಹೋದ ವರ್ಷ ಒಂದು ಪ್ರಶಸ್ತಿಪತ್ರ ಕೂಡ.
ಆರ್ಡಿತ್ ಶಿಫ್ಲೆಟ್, ತಂತ್ರಜ್ಞೆ.
ಹೆಸರಿನಲ್ಲಿ ಒಂದಕ್ಷರ ತಪ್ಪು.

ಅವನದು ಬ್ಲೂ ರಿಜ್ ಬೆಟ್ಟದ ಮಗ್ಗುಲಲ್ಲಿ ತಾಮ್ರದ ಹಂಡೆ,
ತೊರೆಯ ತಣ್ಣೀರು, ಕೊಳೆತ ಸೇಬು,
ನಾಯಿ ಬೊಗಳಿದರೆ ಬೆಂಕಿಗೆ ಸುರಿಯಲು ಒಂದು ಬಕೆಟ್ಟು ಮಣ್ಣು.
ನನ್ನದು ಆಳೆತ್ತರದ ಉಕ್ಕಿನ ಕೊಳವೆ,
ಅದರ ಹೊಟ್ಟೆ ತುಂಬ ಸಾಸಿವೆ ಗಾತ್ರದ ತಂತಿಸುರುಳಿ.
ಬೆಂಕಿಯ ಬದಲು ಚಳಿ: ಇಪ್ಪತ್ತೆರಡು ಕೆಲ್ವಿನ್.
ಉಸಿರಾಡುವ ಗಾಳಿ ಅಲ್ಲಿ ಕಲ್ಲು.
ಜಲಜನಕ ಮಾತ್ರ ಇನ್ನೂ ತೊಟ್ಟಿಕ್ಕುತ್ತಿರುತ್ತದೆ.

ಮೊದಲು ಬರುವುದು ತಲೆ.
ಎರಡೂ ಹಗುರ ಪರಮಾಣು, ಎದ್ದು ಓಡುವ ಆತುರ. ಚೆಲ್ಲು.
ತಲೆಪಾಲು ಕುಡಿದವನ ಕಣ್ಣು ಹೋಗುತ್ತೆ, ಅನ್ನುತ್ತಿದ್ದ ಅಜ್ಜ.
ತಳದಲ್ಲಿ ಉಳಿಯುವುದು ಬಾಲ.
ಡ್ಯೂಟೀರಿಯಂ ಜೋಡಿ, ಎರಡೂ ಭಾರ,
ಊಟ ಮುಗಿದರೂ ಏಳದ ನೆಂಟರ ಹಾಗೆ.
ನಡುವಿನದು ಎದೆ. ಒಂದು ಹಗುರ, ಒಂದು ಭಾರ,
ಜಾತಕ ಕೂಡದ ಜೋಡಿ.
ನಮಗೆ ಬೇಕಾದದ್ದು ಅದು.

ಒಂಬತ್ತು ದಿನ. ಗಂಟೆಗೊಮ್ಮೆ ಒಂದು ಗುಟುಕು ಮಾದರಿ,
ಕಾಗದದ ಮೇಲೆ ಮೂರು ಗುಡ್ಡ.
ಅಕ್ಕಪಕ್ಕದ ಎರಡು ಸವೆದು ಸವೆದು
ಪೆನ್ಸಿಲ್ ತುದಿಯಷ್ಟಾದಾಗ
ಸಾಕು ನಿಲ್ಲಿಸು, ಅಂದೆ.

ಬೊಗುಸ್ಲಾವ್ ನಿಲ್ಲಿಸಲಿಲ್ಲ.
ಪೋಲೆಂಡಿನಿಂದ ಬಂದ ಹೊಸ ಡಾಕ್ಟರು,
ಪ್ರಯೋಗಾಲಯದ ಕೋಟಿಗೂ ಇಸ್ತ್ರಿ ಹಾಕುವವನು.
ಇನ್ನು ಮೂರೇ ದಿನ ಆರ್ಡಿತ್, ಅಂದ.
ಗುಡ್ಡಗಳೆರಡೂ ಮಾಯ. ಬಯಲಿನಲ್ಲಿ ಒಂದೇ ಶಿಖರ.
ಫೋಟೋ ತೆಗೆದು ಅಮ್ಮನಿಗೆ ಕಳಿಸಿದ.

ಆ ಅಪರಂಜಿ ಕರಾವಳಿಗೆ ಹೋಯಿತು, ನ್ಯೂಪೋರ್ಟ್ ನ್ಯೂಸಿಗೆ.
ಅಲ್ಲಿ ಅದನ್ನು ಗಡ್ಡೆ ಕಟ್ಟಿಸಿ
ಮ್ಯಾಗ್ನೆಟ್ಟಿನ ಬಾಯಿಗಿಟ್ಟರು,
ಪರಮ ಸೊನ್ನೆಗಿಂತ ಕೂದಲೆಳೆ ಮೇಲೆ.
ಜೂನ್ ಹೋಯಿತು. ಜುಲೈ.
ಪ್ರೋಟಾನುಗಳು ತಲೆ ತಿರುಗಿಸಲಿಲ್ಲ.
ತರಗತಿಯಲ್ಲಿ ಎಲ್ಲರೂ ಸಾಧುಮಕ್ಕಳೇ,
ಮೇಷ್ಟ್ರು ಬಂದರು ಎಂದು ತಿವಿಯುವವರೇ ಇಲ್ಲ.

ಬೇಕಿತ್ತು ಒಬ್ಬ ತಂಟೆಕೋರ.
ಗಿರಗಿರ ಸುತ್ತುವ ಆರ್ಥೋ ಅಣು,
ಹತ್ತು ಸಾವಿರಕ್ಕೆ ಒಂದಾದರೂ ಸಾಕು.
ಅದು ಪಕ್ಕದವನ ಪಕ್ಕೆಗೆ ತಿವಿಯಬೇಕು,
ಅವನು ಮುಂದಿನವನನ್ನು. ಹಾಗೇ ಸಾಲು ತಿರುಗಿ ನಿಲ್ಲಬೇಕು.
ಆಮೇಲೆ ವಾರ ವಾರ ಅದರ ಸುತ್ತಾಟವೂ ಸೋತು
ಪ್ಯಾರಾ ಆಗಿ ಕಣ್ಣು ಮುಚ್ಚುತ್ತದೆ.
ಚಳಿ ಕೊಂಚ ಸಡಿಲವಾದರೂ
ಇನ್ನು ಸಾಲು ಕದಲದು.
ಕದಲಿಸುವವನೇ ಮಲಗಿದ್ದಾನಲ್ಲ.

ಅಜ್ಜನೂ ಎದೆಪಾಲಿಗೆ
ಒಂದು ಚಮಚ ಬಾಲ ಬೆರೆಸುತ್ತಿದ್ದ.
ಇಲ್ಲದಿದ್ದರೆ ಬರೀ ಉರಿ ಕಣೇ, ಅದರಲ್ಲಿ ಸೇಬಿಲ್ಲ.
ಇದನ್ನು ಬೊಗುಸ್ಲಾವನಿಗೆ ಹೇಳಿದೆನೋ ಇಲ್ಲವೋ, ನೆನಪಿಲ್ಲ.
ಅವನ ಲೆಕ್ಕಕ್ಕೇ ಹೊಳೆದಿರಬೇಕು.
ಸೆಪ್ಟೆಂಬರಿನ ಒಂದು ಸಂಜೆ ಎಲ್ಲರೂ ಮನೆಗೆ ಹೋದ ಮೇಲೆ
ಹೊಸ ಗ್ಯಾಸಿಗೆ, ಹಾಲಿಗೆ ನೀರು ಬೆರೆಸುವವನಂತೆ
ಆಚೆ ಈಚೆ ನೋಡಿ,
ಮಾಮೂಲಿ ಜಲಜನಕ ಒಂದು ಚಿಟಿಕೆ ಬಿಟ್ಟ.
ಅವನ ಕೈ ನಡುಗುತ್ತಿತ್ತು.
ನಾನು ದಾಖಲೆ ಪುಸ್ತಕ ತೆರೆದು ಹಿಡಿದೆ. ಬರಿ, ಅಂದೆ.

ಸಿಲಿಂಡರನ್ನು ನಾನೇ ಒಯ್ದೆ, ನನ್ನ ಪಿಕಪ್ಪಿನಲ್ಲಿ,
ಚರ್ಮದ ಪಟ್ಟಿ ಬಿಗಿದು, ಕೆಂಪು ಚೀಟಿ ಅಂಟಿಸಿ.
ಘಾಟಿಯ ಮಂಜಿನಲ್ಲಿ ಪೊಲೀಸಿನವ ಕೈ ಅಡ್ಡ ಹಾಕಿದ.
ಏನದು?
ಭಟ್ಟಿ ಇಳಿಸಿದ್ದು, ಎಂದು ನಾಲಗೆ ತುದಿಗೆ ಬಂದಿತ್ತು.
ಜಲಜನಕ, ಅಂದೆ. ಪರೀಕ್ಷೆಗೆ.
ಶುದ್ಧವೇ?
ಇಲ್ಲ, ಅಂದೆ. ಈ ಸಲ ಇಲ್ಲ.

ಟಾರ್ಚು ಬಿಟ್ಟು ಗಾಡಿಗೆ ಒಂದು ಸುತ್ತು ಬಂದ.
ಹಿಂದಿನ ಎಡದೀಪ ಉರಿಯುತ್ತಿಲ್ಲ ಎಂದು
ದಂಡದ ಚೀಟಿ ಹರಿದು ಕೊಟ್ಟ.
ಇದೇ ಘಾಟಿಯನ್ನು ಅಜ್ಜ
ಒಂದು ದೀಪವನ್ನೂ ಹಚ್ಚದೆ ಇಳಿಯುತ್ತಿದ್ದ,
ಹಿಂದಿನ ಸೀಟಿನಲ್ಲಿ ಜಾಡಿಗಳು ಕಿಣಿಕಿಣಿ.