ಆರಿದ್ರೆಯ ಪಹಣಿ

ಅರಸೀಕೆರೆ ಬಸ್ ಸ್ಟ್ಯಾಂಡಿನ ಹಿಂದೆ, ಬೇಕರಿಯ ಮಗ್ಗುಲಿಗೆ,
ಹತ್ತಡಿ ಎಂಟಡಿಯ ನನ್ನ ಅಂಗಡಿ.
ಬೋರ್ಡಿನಲ್ಲಿ ‘ಜಯಶೀಲಾ ಆನ್‌ಲೈನ್ ಸೆಂಟರ್’ ಅಂತಿದೆ,
ಊರು ಕರೆಯುವುದು ಸರ್ವರಕ್ಕ ಅಂತ.
ದಿನಕ್ಕೆ ನೂರು ಸಲ ‘ಸರ್ವರ್ ಇಲ್ಲ’ ಅನ್ನುತ್ತೇನಲ್ಲ, ಅದಕ್ಕೆ.

ಹಗಲೆಲ್ಲ ಭೂಮಿ.
ಪಹಣಿ, ಪೋಡಿ, ಮ್ಯುಟೇಷನ್, ಜಾತಿ, ಆದಾಯ.
ಬೆರಳು ಸವೆದು ಮೆಷಿನ್ನಿಗೆ ಸಿಗದ ಮುದುಕಿಯರು,
ಅವರ ಹೆಬ್ಬೆಟ್ಟಿಗೆ ನನ್ನ ವ್ಯಾಸಲೀನ್.
ಅಣ್ಣ ತಮ್ಮ ಬೆಂಚಿನ ಎರಡು ತುದಿಗೆ ಕೂತು
ಒಂದೇ ಸರ್ವೆ ನಂಬರು ಹೇಳುತ್ತಾರೆ.
ಪುಟ ಸುತ್ತುತ್ತದೆ, ಸುತ್ತುತ್ತದೆ, ನಿಲ್ಲುತ್ತದೆ.
ನಾಳೆ ಬನ್ನಿ.

ಎಂಟೂವರೆಗೆ ಶಟರ್ ಅರ್ಧ ಇಳಿಸುತ್ತೇನೆ.
ಅದೇ ಕಂಪ್ಯೂಟರು, ಅಕ್ಷರ ಅಳಿಸಿಹೋದ ಅದೇ ಕೀಬೋರ್ಡು,
ಬುಕ್‌ಮಾರ್ಕಿನಲ್ಲಿ ಭೂಮಿಯ ಪಕ್ಕದ್ದು ಒತ್ತಿದರೆ
ಆಕಾಶ.

ಮೊದಲು ಮೋಡದ ಚಿತ್ರ, ಅರ್ಧ ಗಂಟೆಗೊಮ್ಮೆ ಹೊಸದು.
ಅದನ್ನು ತೆಗೆಯುವ ಉಪಗ್ರಹದ ಜುಟ್ಟು
ಹಾಸನದ ಸಾಲಗಾಮೆ ರಸ್ತೆಯಲ್ಲೇ ಇದೆಯೆಂದು ಗೊತ್ತಾದ ಮೇಲೆ
ಒಮ್ಮೆ ಬಸ್ಸಿನ ಕಿಟಕಿಯಿಂದ ಆ ಬಿಳೀ ತಟ್ಟೆಗಳಿಗೆ
ನೆಂಟರಿಗೆ ಬೀಸುವ ಹಾಗೆ ಕೈ ಬೀಸಿದೆ.
ಪಕ್ಕದ ಸೀಟಿನವಳು ಮಗುವನ್ನು ಆಚೆ ಸರಿಸಿಕೊಂಡಳು.

ಇನ್ನೊಂದು ಪುಟಕ್ಕೆ ನನ್ನ ಅಕ್ಷಾಂಶ ರೇಖಾಂಶ ಗೊತ್ತು.
ಬಾಹ್ಯಾಕಾಶ ನಿಲ್ದಾಣ ಹಾಯುವ ಹೊತ್ತು ಸೆಕೆಂಡು ಸಮೇತ ಹೇಳುತ್ತದೆ:
ಮುಂಜಾನೆ ಐದು ಹದಿನಾಲ್ಕು, ನೈರುತ್ಯದಿಂದ ಈಶಾನ್ಯಕ್ಕೆ.
ಶಿವಮೊಗ್ಗದ ಗಾಡಿ ತಡ, ಹುಬ್ಬಳ್ಳಿಯದೂ ತಡ,
ಇದೊಂದು ತಡವಾದದ್ದು ನಾನು ಕಂಡಿಲ್ಲ.
ಇಷ್ಟು ದೊಡ್ಡ ಜಂಕ್ಷನ್ನು, ನಿಲ್ಲುವುದೂ ಇಲ್ಲ.

ಮತ್ತೆ ಆ ಮೇಷ್ಟ್ರ ವಿಡಿಯೋ. ಯಾವ ದೇಶದವರೋ,
ಕರೀ ಹಲಗೆಯ ಮುಂದೆ ಕೆಮ್ಮುತ್ತ ತಾರೆಯ ಸಾವು ವಿವರಿಸುತ್ತಾರೆ.
ಅವರ ಇಂಗ್ಲಿಷು ಅರ್ಧ ಅರ್ಥವಾಗುತ್ತದೆ,
ಸೀಮೆಸುಣ್ಣ ಪೂರ್ತಿ.

ಜೂನಿನಲ್ಲಿ ಗಂಡಸಿಯ ಸಣ್ಣರಂಗಯ್ಯ ಬಂದಿದ್ದ,
‘ಈ ಸಲ ಆರಿದ್ರೆ ಹೆಂಗೈತೆ, ನಿನ್ನ ಕಂಪೂಟ್ರಲ್ಲಿ ನೋಡವ್ವ.’
ನೋಡಿ ಹೇಳಿದೆ. ಜೊತೆಗೆ ಇದನ್ನೂ ಹೇಳಿದೆ:
ಆರಿದ್ರೆ ಒಂದು ಕೆಂಪು ನಕ್ಷತ್ರ, ಅದರ ಮಳೆ ಸುರಿಯುವಾಗ
ಅದು ಸೂರ್ಯನ ಮಗ್ಗುಲಲ್ಲಿ ಹಗಲಿಡೀ ಹಾಯುತ್ತದೆ,
ಯಾರ ಕಣ್ಣಿಗೂ ಕಾಣುವುದಿಲ್ಲ.
ಟವೆಲಿನಿಂದ ಕತ್ತು ಒರೆಸಿಕೊಂಡ.
‘ಹೆಸರು ಒಬ್ಬಂದು, ಉಳೋನು ಇನ್ನೊಬ್ಬ.
ನಮ್ಮ ಪಾಣೀಲೂ ಅಂಗೇಯ.’

ಡಿಸೆಂಬರಿನಲ್ಲಿ ಕರೆಂಟು ಹೋದ ಒಂದು ರಾತ್ರಿ
ಬೇಕರಿಯ ತಾರಸಿ ಹತ್ತಿದೆ. ಕೆಳಗೆ ಬನ್ನಿನ ವಾಸನೆ,
ಮೇಲೆ ಅದು, ಊದಿದ ಕೆಂಡದ ಹಾಗೆ.
ರೋಹಿಣಿಯನ್ನು ನೋಡಿ, ಅದನ್ನು ನೋಡಿ, ಮತ್ತೆ ರೋಹಿಣಿಯನ್ನು ನೋಡಿ
ಬೆಳಕು ತೂಗಿದೆ. ಕತ್ತು ಹಿಡಿದುಕೊಂಡಿತು.
ಸೊನ್ನೆ ಪಾಯಿಂಟ್ ಆರು ಅಂತ ಅಂಗೈಮೇಲೆ ಬರೆದುಕೊಂಡೆ.

ಕರೆಂಟು ಬಂದಾಗ ಆ ತಾಣದಲ್ಲಿ ತುಂಬಿದೆ.
ಅದು ಹೆಬ್ಬೆಟ್ಟು ಕೇಳುವುದಿಲ್ಲ, ದೂರದರ್ಶಕವನ್ನೂ ಕೇಳುವುದಿಲ್ಲ,
ತಾರೀಕು, ಗಳಿಗೆ, ಕಂಡದ್ದು, ಇಷ್ಟೇ.
ಗ್ರಾಫಿನ ತುದಿಯಲ್ಲಿ ನನ್ನ ಚುಕ್ಕಿ ಬಂತು.
ಹಿಂದಕ್ಕೆ ಎಳೆದರೆ ನೂರು ವರ್ಷದ ಚುಕ್ಕಿಗಳು,
ಹಾಕಿದವರು ಯಾರೂ ಉಳಿದಿಲ್ಲ, ಚುಕ್ಕಿ ಉಳಿದಿದೆ.
ಅದೇ ರಾತ್ರಿ ಚಿಲಿಯಲ್ಲೊಬ್ಬರು ಸೊನ್ನೆ ಪಾಯಿಂಟ್ ಐದು ಅಂದಿದ್ದಾರೆ,
ಇನ್ನೊಬ್ಬರು ಏಳು.
ಯಾರೂ ತಕರಾರು ಹೂಡಿಲ್ಲ.
ಗೆರೆ ಎಲ್ಲರ ನಡುವೆ ಹಾದುಹೋಗಿದೆ.

ಸಣ್ಣರಂಗಯ್ಯ ಮತ್ತೆ ಬಂದಾಗ ಒಂದು ಪ್ರಿಂಟು ಕೊಟ್ಟೆ.
ಕನ್ನಡಕವಿಲ್ಲದೆ ದೂರ ಹಿಡಿದು ನೋಡಿದ,
‘ಹಕ್ಕುದಾರರ ಕಾಲಮ್ಮು ಯಾವುದವ್ವ?’
ಇಲ್ಲ ಅಂದೆ.
ಮಡಚಿ, ಜಮೀನಿನ ಕಾಗದವಿದ್ದ ಪ್ಲಾಸ್ಟಿಕ್ ಕವರಿಗೇ ಸೇರಿಸಿ
‘ಎಷ್ಟಾಯ್ತು?’ ಅಂದ.

ಕಲರ್ ಪ್ರಿಂಟು, ಹತ್ತು ರೂಪಾಯಿ.
ತಗೊಂಡೆ.