ಹನ್ನೆರಡು ಗಾಳಿಗಳ ಚೌಕ

ತೆಬೂರ್‌ಸೂಕಿನ ನಿಲ್ದಾಣದಲ್ಲಿ ಬೆಳಿಗ್ಗೆ ಎಂಟಕ್ಕೆ
ನನ್ನ ಹಳೇ ಪೆಜೊ ಕೆಮ್ಮುತ್ತ ನಿಂತಿತ್ತು.
ಹತ್ತಿದವರು ಮೂವರು: ಟ್ಯೂನಿಸ್ಸಿನ ಎಳೆ ಜೋಡಿ,
ಕುತ್ತಿಗೆಗೆ ಕ್ಯಾಮೆರಾ, ಕೈಯಲ್ಲಿ ನಕ್ಷೆ;
ಹಿಂದಿನ ಸೀಟಿಗೆ ಮಬ್ರೂಕಾ ಅಜ್ಜಿ,
ಮಡಿಲಲ್ಲಿ ಬಟ್ಟೆ ಸುತ್ತಿದ ರೊಟ್ಟಿ, ನಾಲ್ಕು ಬೇಯಿಸಿದ ಮೊಟ್ಟೆ.
"ದುಗ್ಗಾಕ್ಕೆ. ಸಂಜೆ ವಾಪಸು."
"ನೋಡೋಕಾ ಅಜ್ಜಿ?"
"ಊಂ."

ಆಲಿವ್ ತೋಪು, ಗೋಧಿ ಹೊಲ, ತಿರುವು, ಮತ್ತೊಂದು ತಿರುವು.
ಗುಡ್ಡದ ಮೇಲೆ ದೇವರಿಲ್ಲದ ಗುಡಿ
ಬಿಸಿಲಿಗೆ ಜೇನಿನ ಬಣ್ಣ ತಿರುಗಿತ್ತು.

ಟಿಕೆಟ್ಟಿನ ಗೂಡಿನಲ್ಲಿ ಅಜ್ಜಿ
ಎದೆಯೊಳಗಿನ ಗಂಟು ಬಿಚ್ಚಿ
ನಾಣ್ಯ ನಾಣ್ಯವೇ ಎಣಿಸಿ ಕೊಟ್ಟಳು.
ನನ್ನ ಹತ್ತಿರ ಅರ್ಧ ದಿನಾರಿಗೆ
ದಾರಿಯುದ್ದಕ್ಕೂ ಜಗಳಾಡಿದವಳು
ಇಲ್ಲಿ ಚೌಕಾಸಿ ಮಾಡಲಿಲ್ಲ.

ಗೈಡ್ ಲಸಾದ್ ಮುಂದೆ, ಜೋಡಿ ಹಿಂದೆ,
ಕೆಲಸವಿಲ್ಲದ ನಾನು ಅವರ ಹಿಂದೆ.
ಕುದುರೆ ಲಾಳದಂತೆ ಬಾಗಿದ ಕಲ್ಲುಕಟ್ಟೆ, ಹನ್ನೆರಡು ತೂತು:
"ಊರ ಗಣ್ಯರು ಇಲ್ಲಿ ಒಟ್ಟಿಗೆ ಕೂತು
ರಾಜಕೀಯ ಮಾತಾಡುತ್ತ ಹೊಟ್ಟೆ ಖಾಲಿ ಮಾಡುತ್ತಿದ್ದರು."
ಹುಡುಗಿ ನಗುತ್ತ ಕೂತು ಫೋಟೋ ತೆಗೆಸಿಕೊಂಡಳು,
ಅಯ್ಯೋ, ಎಷ್ಟು ತಣ್ಣಗಿದೆ ಅಂದಳು.
"ಚಳಿಗಾಲದಲ್ಲಿ ನೋಡಬೇಕು," ಅಂದಳು ಅಜ್ಜಿ.

ಚೌಕದ ನೆಲದಲ್ಲಿ ಕೊರೆದ ದೊಡ್ಡ ವೃತ್ತ,
ಅಂಚಿಗೆ ಹನ್ನೆರಡು ಗಾಳಿಗಳ ಹೆಸರು, ಲ್ಯಾಟಿನಿನಲ್ಲಿ.
ಲಸಾದ್ ಮಗ್ಗಿ ಒಪ್ಪಿಸುವ ಹುಡುಗನಂತೆ ಒಂದೊಂದೇ ಓದಿದ.
ಅಜ್ಜಿ ಬೆರಳು ನಾಲಿಗೆಗೆ ತಾಗಿಸಿ ಎತ್ತಿ ಹಿಡಿದಳು.
"ಷಹೀಲಿ," ಅಂದಳು. "ಮರಳುಗಾಡಿನಿಂದ.
ಬಟ್ಟೆ ಒಣಹಾಕಿದ್ದರೆ ತೆಗೆದುಬಿಡಿ."
ಆ ಹೆಸರು ಕಲ್ಲಿನಲ್ಲಿ ಇರಲಿಲ್ಲ.

ಗುಡಿಯ ಹಿಂಗೋಡೆಯಲ್ಲಿ, ಸೊಂಟದೆತ್ತರಕ್ಕೆ, ಕಪ್ಪು ಮಸಿ.
ಲಸಾದ್ ದನಿ ತಗ್ಗಿಸಿದ: "ವ್ಯಾಂಡಲರು ಹಚ್ಚಿದ ಬೆಂಕಿ.
ಸಾವಿರದೈನೂರು ವರ್ಷದ ಗಾಯ."
ಹುಡುಗ ಬರೆದುಕೊಂಡ.
ಅಜ್ಜಿ ಹಗ್ಗ ದಾಟಿ ಮಸಿಗೆ ಅಂಗೈ ಇಟ್ಟಳು.
"ಮುಟ್ಟಬಾರದು, ತಾಯಿ!"
"ನಮ್ಮಮ್ಮನ ಒಲೆ ಕಣಪ್ಪ ಇದು.
ತಮ್ಮ ಹುಟ್ಟುವ ದಿನ ನೋವು ಬಂತು ಅಂತ
ರೊಟ್ಟಿ ಒಳಗೇ ಬಿಟ್ಟು ಹೋಗಿ ಮಲಗಿದಳು.
ಹತ್ತು ರೊಟ್ಟಿ ಇದ್ದಿಲಾಯಿತು.
ನೀನು ಹೇಳಿದವರು ಯಾರೋ, ನಾನು ನೋಡಿಲ್ಲ."
ಹುಡುಗ ಬರೆದದ್ದನ್ನು ಹೊಡೆದುಹಾಕಿದನೋ ಇಲ್ಲವೋ,
ನಾನು ಗಮನಿಸಲಿಲ್ಲ. ಲಸಾದನ ಕಿವಿ ಕೆಂಪಾಗಿತ್ತು.

ಆಲಿವ್ ನೆರಳಲ್ಲಿ ರೊಟ್ಟಿ ಮುರಿಯುತ್ತ ಉಳಿದದ್ದು ಹೇಳಿದಳು:
ಸರಕಾರದವರು ಬಂದು ಕಲ್ಲು ಹಳೆಯದು, ನೀವು ಏಳಿ ಅಂದದ್ದು,
ಕೆಳಗೆ ಬಯಲಲ್ಲಿ ಸಾಲು ಮನೆ ಕೊಟ್ಟದ್ದು.
"ನಾವು ಹೋದೆವು. ಕೋಳಿಗಳು ಹೋಗಲಿಲ್ಲ.
ಸಂಜೆಯಾದರೆ ಗುಡ್ಡ ಹತ್ತಿ
ಗುಡಿಯ ಮೆಟ್ಟಿಲ ಮೇಲೆ ಸಾಲಾಗಿ ಕೂರುತ್ತಿದ್ದವು.
ದಿನಾ ನಾನೇ ಬಂದು ಬುಟ್ಟಿಯಲ್ಲಿ ಹೊತ್ತೊಯ್ಯಬೇಕು.
ತಿಂಗಳುಗಟ್ಟಲೆ.
ಮೊಟ್ಟೆ ತಗೋ."

ಇಳಿಯುವಾಗ ಬಾಡಿಗೆ ಬೇಡ ಅಂದೆ.
ಬೈದು, ಅರ್ಧ ದಿನಾರ್ ಮುರಿದುಕೊಂಡೇ ಕೊಟ್ಟಳು.
ಹರಿದ ಟಿಕೆಟ್ಟನ್ನು ನಾಲ್ಕು ಮಡಿಕೆ ಮಾಡಿ ಗಂಟಿಗೆ ಸೇರಿಸಿ,
"ಆ ಮನೆಗೆ ಕಾಗದಪತ್ರ ಅಂತ ಏನೂ ಇರಲಿಲ್ಲ ನಮಗೆ," ಅಂದು
ಸಂದಿಯಲ್ಲಿ ತಿರುಗಿದಳು.

ಮರುದಿನ ಬೆಳಿಗ್ಗೆ ಪೆಜೊದ ಗಾಜು ಕಾಣಲಿಲ್ಲ.
ಒರೆಸಿದ ಬಟ್ಟೆ ಹಿಂಡಿದರೆ
ಕೆಂಪು ನೀರು.